ಹಡಪದೊಳಗಿನ ವಿದ್ಯೆ: ಕ್ಷೌರ ಕಾಯಕದ ಕಲಿಕೆಯ ಇತಿಹಾಸ

ಶರಣರು ಕಾಯಕಕ್ಕೆ ಕೊಟ್ಟ ಮಹತ್ತ್ವವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚಿಂತನೆ ನಡೆದಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ ಮೊದಲಾದವರ ಹೆಸರುಗಳನ್ನು ಭಕ್ತಿಯಿಂದ ಸ್ಮರಿಸುತ್ತೇವೆ. ಆದರೆ ಈ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕೈವಿದ್ಯೆ ಉಂಟು. ಆ ವಿದ್ಯೆಯನ್ನು ಯಾರೋ ಕಲಿಸಿದರು, ಯಾರೋ ಕಲಿತರು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಅಕ್ಷರವಿದ್ಯೆಯ ಚರಿತ್ರೆಯನ್ನು ಬರೆದವರು ಅನೇಕರು. ಕೈವಿದ್ಯೆಯ ಚರಿತ್ರೆಯನ್ನು ಬರೆದವರು ವಿರಳ. ಅದರಲ್ಲಿಯೂ ಕ್ಷೌರದ ಕಾಯಕದ ಕಲಿಕೆಯನ್ನು ಒಂದು ವಿದ್ಯೆಯೆಂದು ಎಣಿಸಿದವರು ಇನ್ನೂ ವಿರಳ. ಅರಸನಾಗಲಿ ಆಳಾಗಲಿ ಯಾರ ಮುಂದೆ ತಲೆ ತಗ್ಗಿಸಿ ಕುಳಿತುಕೊಳ್ಳಬೇಕೋ, ಆ ಮನುಷ್ಯನ ವಿದ್ಯೆಯನ್ನು ನಾವು ತಲೆಯೆತ್ತಿ ನೋಡಲೇ ಇಲ್ಲ.

ಈ ಕಾಯಕವನ್ನು ನಮ್ಮ ಸೀಮೆಯಲ್ಲಿ ಹೇಗೆ ಕಲಿಯುತ್ತಿದ್ದರು? ಕಲಿತವನು ಬಾಳಿನಲ್ಲಿ ಎಲ್ಲಿಯವರೆಗೆ ಏರಬಹುದಾಗಿತ್ತು? ಇಂದು ಸರ್ಟಿಫಿಕೇಟು, ತರಬೇತಿ, ಸಾಲಸೌಲಭ್ಯಗಳು ಬಂದಿರುವ ಕಾಲದಲ್ಲಿ ಆ ಮನೆತನಗಳ ಹುಡುಗರ ಮುಂದೆ ಇರುವ ದಾರಿ ಯಾವುದು? ಇವು ಈ ಲೇಖನದ ವಿಷಯ.

ತೇರದಾಳದ ನೆಲ

ಬಾಗಲಕೋಟೆ ಜಿಲ್ಲೆಯ ತೇರದಾಳವು ಕೃಷ್ಣಾ ತೀರದ ಸೀಮೆಯ ಪುರಾತನ ಪಟ್ಟಣ. ಅಲ್ಲಮಪ್ರಭುವಿನ ದೇವಾಲಯದಿಂದ ಭಕ್ತರಿಗೂ, ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಯಿಂದ ಇತಿಹಾಸಕಾರರಿಗೂ ಅದು ಪರಿಚಿತ. ಇಲ್ಲಿಯ ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರೆಂಬ ಪ್ರಖ್ಯಾತ ವರ್ತಕ ಸಂಘದ ಉಲ್ಲೇಖವಿದೆ. ವ್ಯಾಪಾರಿಗಳು ಒಟ್ಟುಗೂಡಿದ್ದರು, ಆದುದರಿಂದ ಅವರ ದನಿ ಕಲ್ಲಿನ ಮೇಲೆ ಉಳಿಯಿತು. ಊರಿನ ತಲೆ ಬೋಳಿಸುವವನ, ಬಟ್ಟೆ ಒಗೆಯುವವನ, ಮಡಕೆ ಮಾಡುವವನ ದನಿ ಕಲ್ಲಿಗೆ ಏರುವುದು ಅಪೂರ್ವ. ಏರಿದ ಒಂದು ಪ್ರಸಂಗವನ್ನು ಮುಂದೆ ನೋಡೋಣ.

ಮುಂದಿನ ಕಾಲದಲ್ಲಿ ತೇರದಾಳವು ಪಟವರ್ಧನ ಮನೆತನದ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; 1956ರ ರಾಜ್ಯ ಪುನರ್ವಿಂಗಡಣೆಯಿಂದ ಈ ಸೀಮೆ ಕನ್ನಡ ನಾಡನ್ನು ಕೂಡಿಕೊಂಡಿತು. ಹೀಗಾಗಿ ಇಲ್ಲಿಯ ಕಸುಬುಗಳ ಚರಿತ್ರೆಯಲ್ಲಿ ಕನ್ನಡದ ಆಯವೂ ಮರಾಠಿಯ ಬಲುತೆಯೂ ಹೆಣೆದುಕೊಂಡಿವೆ.

ಹಡಪ ಎಂಬ ಮಾತು

ಹಡಪ ಎಂದರೆ ಸಣ್ಣ ಚೀಲ. ವೀಳ್ಯದ ಎಲೆ ಅಡಕೆಗಳನ್ನು ಇಡುವ ಚೀಲಕ್ಕೂ ಕ್ಷೌರದ ಸಾಮಗ್ರಿಗಳನ್ನು ಇಡುವ ಚೀಲಕ್ಕೂ ಈ ಒಂದೇ ಮಾತು ಸಲ್ಲುತ್ತದೆ. ಕಲ್ಯಾಣದಲ್ಲಿ ಅಪ್ಪಣ್ಣನವರು ಬಸವಣ್ಣನವರ ಸನ್ನಿಧಿಯಲ್ಲಿ ತಾಂಬೂಲದ ಹಡಪವನ್ನು ಹಿಡಿದ ಆಪ್ತರಾಗಿದ್ದರೆಂಬುದು ಸರ್ವವಿದಿತ. ಬಸವನ ಬಾಗೇವಾಡಿಯ ಸೀಮೆಯ ಮಸಬಿನಾಳ ಅವರ ಹುಟ್ಟೂರೆಂದು ಪ್ರತೀತಿ. ಉತ್ತರ ಕರ್ನಾಟಕದ ಕ್ಷೌರಿಕ ಮನೆತನಗಳು ಅವರನ್ನು ತಮ್ಮ ಮೂಲಪುರುಷರೆಂದು ಗೌರವಿಸಿ ಹಡಪದ ಎಂಬ ಹೆಸರನ್ನೇ ಅಡ್ಡಹೆಸರಾಗಿ ಧರಿಸಿವೆ. ಪ್ರತಿ ವರ್ಷ ಆಷಾಢ ಹುಣ್ಣಿಮೆಯಂದು ಅವರ ಜಯಂತಿ ನಡೆಯುತ್ತದೆ.

ಬಸವಣ್ಣನವರ ಬಳಿಗೆ ನೀಲಾಂಬಿಕೆಯನ್ನು ಕರೆತರಲು ಹೋದವರು ಅಪ್ಪಣ್ಣನವರೇ ಎಂದು ಪುರಾಣಗಳು ಹೇಳುತ್ತವೆ. ಕೃಷ್ಣೆಯ ದಡದ ತಂಗಡಗಿಯು ಆ ಸ್ಮರಣೆಯ ಕ್ಷೇತ್ರವಾಗಿದೆ. ಇಷ್ಟು ಗುರುತರವಾದ ಕಾರ್ಯವನ್ನು ಒಪ್ಪಿಸಬೇಕಾದರೆ ಆ ಮನುಷ್ಯನ ಮೇಲೆ ಇದ್ದ ವಿಶ್ವಾಸ ಎಂತಹುದಿರಬೇಕು!

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಬೇರೊಂದಿದೆ. ಹಡಪ ಹಿಡಿದ ಅಪ್ಪಣ್ಣನವರು ಇನ್ನೂರಕ್ಕೂ ಹೆಚ್ಚು ವಚನಗಳನ್ನು ರಚಿಸಿದರು. ಅವರ ಧರ್ಮಪತ್ನಿ ಲಿಂಗಮ್ಮನವರು ನೂರಕ್ಕೂ ಹೆಚ್ಚು ವಚನಗಳನ್ನು ರಚಿಸಿದರು. ತಮ್ಮ ಅಂಕಿತದಲ್ಲಿ ಪತಿಯ ಹೆಸರನ್ನೂ ಚೆನ್ನಬಸವಣ್ಣನವರ ಹೆಸರನ್ನೂ ಕೂಡಿಸಿದರು. ಒಂದೇ ಮನೆಯಲ್ಲಿ ಹಡಪವೂ ಇತ್ತು, ಅರಿವೂ ಇತ್ತು. ಕೈಯ ವಿದ್ಯೆ ಬೇರೆ, ನಾಲಗೆಯ ವಿದ್ಯೆ ಬೇರೆ, ಒಂದು ಕೀಳು, ಇನ್ನೊಂದು ಮೇಲು ಎಂಬ ವಿಂಗಡಣೆಯನ್ನು ಆ ಮನೆ ಒಪ್ಪಲಿಲ್ಲ. ಮುಂದಿನ ಶತಮಾನಗಳಲ್ಲಿ ಈ ಎರಡೂ ಬೇರ್ಪಟ್ಟವು. ಹಡಪ ಮನೆಯಲ್ಲಿ ಉಳಿಯಿತು. ವಚನದ ಕಟ್ಟುಗಳು ಮಠಮಾನ್ಯಗಳ ಗೂಡು ಸೇರಿದವು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ತಾಡವಾಲೆಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ ಮೇಲೆ ವಚನಗಳು ಜನಸಾಮಾನ್ಯರ ಕೈಗೆ ಬರುವ ದಾರಿ ತೆರೆಯಿತು.

ಬಾದಾಮಿಯ ಕೊಂಡೋಜ

ಕ್ಷೌರಿಕನೊಬ್ಬನ ದನಿ ಕಲ್ಲಿಗೇರಿದ ಪ್ರಸಂಗ ತೇರದಾಳಕ್ಕೆ ದೂರದ್ದಲ್ಲ. ಇದೇ ಜಿಲ್ಲೆಯ ಬಾದಾಮಿಯದು. ವಿಜಯನಗರದ ಸದಾಶಿವರಾಯನು ಹೆಸರಿಗೆ ಅರಸನಾಗಿ, ಅಳಿಯ ರಾಮರಾಯನು ಆಡಳಿತದ ಸೂತ್ರ ಹಿಡಿದಿದ್ದ ಕಾಲ. 1540ರ ದಶಕದಲ್ಲಿ ಬಾದಾಮಿಯ ಕೊಂಡೋಜನೆಂಬ ಕ್ಷೌರಿಕನು ರಾಮರಾಯನ ಮೆಚ್ಚುಗೆಗೆ ಪಾತ್ರನಾದನು. ಒಲಿದ ಒಡೆಯನ ಮುಂದೆ ಅವನು ತನಗೊಬ್ಬನಿಗೇ ಭೂಮಿಯನ್ನೋ ಹೊನ್ನನ್ನೋ ಬೇಡಬಹುದಾಗಿತ್ತು. ಆದರೆ ಆ ಮೆಚ್ಚುಗೆಯ ಫಲವಾಗಿ ದೊರೆತದ್ದು ಕ್ಷೌರಿಕರೆಲ್ಲರಿಗೆ ತೆರಿಗೆಯ ಮತ್ತು ಬಿಟ್ಟಿಯ ದುಡಿಮೆಯ ವಿನಾಯಿತಿ. ಬಾದಾಮಿಯ ಶಾಸನವಲ್ಲದೆ ಚಿತ್ರದುರ್ಗದ ಸೀಮೆಯಲ್ಲಿಯೂ ಈ ವಿನಾಯಿತಿಯ ಶಾಸನಗಳು ದೊರೆತಿವೆ.

ಈ ಶಾಸನಗಳಿಂದ ಎರಡು ಸಂಗತಿಗಳು ತಿಳಿಯುತ್ತವೆ. ಕೈಯ ನೈಪುಣ್ಯವೊಂದರಿಂದಲೇ ಹಳ್ಳಿಯ ಕಸುಬುದಾರನು ಸಾಮ್ರಾಜ್ಯದ ಸೂತ್ರಧಾರನವರೆಗೆ ಏರಬಹುದಾಗಿತ್ತು ಎಂಬುದು ಒಂದು. ಏರಿದವನು ತನ್ನವರನ್ನು ಮರೆಯದಿದ್ದರೆ ಕಾಯಕಕ್ಕೇ ಗೌರವ ಬರುತ್ತದೆ ಎಂಬುದು ಇನ್ನೊಂದು. ಇಂದಿನ ಭಾಷೆಯಲ್ಲಿ ವೃತ್ತಿಯ ಏಳಿಗೆ ಎನ್ನುವುದಕ್ಕೆ ನಮ್ಮ ಸೀಮೆಯ ಅತಿ ಹಳೆಯ ಲಿಖಿತ ನಿದರ್ಶನಗಳಲ್ಲಿ ಇದೂ ಒಂದೆನ್ನಬಹುದು.

ಆಯದ ಕಾಲದ ಕಲಿಕೆ

ಹಳ್ಳಿಗಳಲ್ಲಿ ನಾವಲಿಗ, ನಾವಿ, ಹಡಪದ ಎಂದು ಕರೆಯಿಸಿಕೊಂಡವನು ಆಯಗಾರರಲ್ಲಿ ಒಬ್ಬ. ಮರಾಠಿಯ ಲೆಕ್ಕದಲ್ಲಿ ಹನ್ನೆರಡು ಬಲುತೇದಾರರಲ್ಲಿ ಒಬ್ಬ. ಅವನಿಗೆ ದಿನದ ಕೂಲಿ ಇರಲಿಲ್ಲ. ವರ್ಷವಿಡೀ ಮನೆಮನೆಗೆ ಹೋಗಿ ಕ್ಷೌರ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಶಿಯಿಂದ ಜೋಳವನ್ನು, ಹೊಲದಿಂದ ಸಿವುಡನ್ನು ಆಯವಾಗಿ ಪಡೆಯುತ್ತಿದ್ದನು. ಮಳೆ ಕೈಕೊಟ್ಟ ವರ್ಷ ಒಕ್ಕಲಿಗನೊಡನೆ ಅವನೂ ಹಸಿಯುತ್ತಿದ್ದನು. ಒಂದೊಂದು ಮನೆತನಕ್ಕೆ ಇಂತಿಷ್ಟು ಮನೆಗಳೆಂದು ಹಂಚಿಕೆ ಇರುತ್ತಿತ್ತು. ಆ ಹಂಚಿಕೆ ತಂದೆಯಿಂದ ಮಗನಿಗೆ ಆಸ್ತಿಯಂತೆ ಬರುತ್ತಿತ್ತು.

ಕಲಿಕೆಯೂ ಹಾಗೆಯೇ ಬರುತ್ತಿತ್ತು. ಹುಡುಗನು ಮೊದಲು ತಂದೆಯ ಹಿಂದೆ ಚೀಲ ಹೊತ್ತು ನಡೆಯಬೇಕು, ನೀರು ತಂದುಕೊಡಬೇಕು, ಕನ್ನಡಿ ಹಿಡಿಯಬೇಕು. ಆಮೇಲೆ ಸಾಣೆಕಲ್ಲಿನ ಮೇಲೆ ಕತ್ತಿ ಮಸೆಯುವುದನ್ನೂ ತೊಗಲಿನ ಪಟ್ಟಿಯ ಮೇಲೆ ಅದರ ಬಾಯಿಯನ್ನು ನಯಗೊಳಿಸುವುದನ್ನೂ ಕಲಿಯಬೇಕು. ಕತ್ತಿಯ ಹದ ತಿಳಿಯದವನ ಕೈಗೆ ತಲೆ ಒಪ್ಪಿಸುವವರಿಲ್ಲ. ಮನೆಯ ಹುಡುಗರ ತಲೆಯೇ ಮೊದಲ ಪಾಠಶಾಲೆ. ಕೂದಲು ಯಾವ ದಿಕ್ಕಿಗೆ ಬೆಳೆದಿದೆ, ಸುಳಿ ಎಲ್ಲಿದೆ, ಮುದುಕರ ಸಡಿಲ ಚರ್ಮವನ್ನು ಎಡಗೈಯಿಂದ ಹೇಗೆ ಬಿಗಿಹಿಡಿಯಬೇಕು, ಜವಳ ತೆಗೆಯುವಾಗ ಕೂಸಿನ ಮೆತ್ತನೆಯ ನೆತ್ತಿಯನ್ನು ಹೇಗೆ ಕಾಪಾಡಬೇಕು ಎಂಬುವನ್ನು ಬಾಯಿಮಾತಿನಿಂದ ಕಲಿಸಲಾಗದು. ನೋಡಿ, ಮಾಡಿ, ಬೈಸಿಕೊಂಡು, ಮತ್ತೆ ಮಾಡಿ ಕೈಗೂಡಿಸಿಕೊಳ್ಳಬೇಕು.

ಹಡಪದಲ್ಲಿ ಕತ್ತಿ, ಕತ್ತರಿಗಳಷ್ಟೇ ಇರಲಿಲ್ಲ. ಉಗುರು ತೆಗೆಯುವ ಉಳಿಯೂ ಕಿವಿಯ ಗುಗ್ಗೆ ತೆಗೆಯುವ ಕಡ್ಡಿಯೂ ಇದ್ದವು. ಕುರು ಕೊಯ್ಯುವುದು, ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆಯುವುದು ಸಹ ಅನೇಕ ಕಡೆ ಈತನ ಕೆಲಸವೇ. ಮನೆಯ ಹೆಣ್ಣುಮಗಳು ಎಷ್ಟೋ ಊರುಗಳಲ್ಲಿ ಸೂಲಗಿತ್ತಿಯಾಗಿದ್ದಳು. ಹಜಾಮ ಎಂಬ ಮಾತನ್ನು ಈಗ ಜನ ಬೈಗುಳವಾಗಿ ಬಳಸುವುದುಂಟು. ಆದರೆ ಅದರ ಮೂಲವಾದ ಅರಬ್ಬೀ ಶಬ್ದಕ್ಕೆ ಕೊಂಬು ಹಚ್ಚಿ ರಕ್ತ ತೆಗೆದು ಚಿಕಿತ್ಸೆ ಮಾಡುವವನು ಎಂದು ಅರ್ಥ. ಒಂದು ವೈದ್ಯಕೌಶಲದ ಹೆಸರು ನಿಂದೆಯ ಮಾತಾಗಿ ಇಳಿದದ್ದು ಮಾತಿನ ತಪ್ಪಲ್ಲ, ಅದನ್ನಾಡಿದ ಸಮಾಜದ ತಪ್ಪು.

ಕಸುಬು ಕುಗ್ಗಿದ ಬಗೆ

ಯುರೋಪಿನಲ್ಲಿಯೂ ಕ್ಷೌರ ಮತ್ತು ಶಸ್ತ್ರಚಿಕಿತ್ಸೆ ಒಂದೇ ಕೈಯ ಕೆಲಸಗಳಾಗಿದ್ದವು. ಶಸ್ತ್ರವೈದ್ಯದಲ್ಲಿ ಯುಗಪುರುಷನೆನಿಸಿದ ಫ್ರಾನ್ಸಿನ ಆಂಬ್ರೋಯಿಸ್ ಪಾರೆ ಹದಿನಾರನೆಯ ಶತಮಾನದಲ್ಲಿ ಕ್ಷೌರಿಕನ ಬಳಿ ಶಿಷ್ಯವೃತ್ತಿ ಮಾಡಿ ಮೇಲೆ ಬಂದವನು. ಇಂಗ್ಲೆಂಡಿನಲ್ಲಿ 1540ರಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘವಾಗಿ ಕೂಡಿದರು, 1745ರಲ್ಲಿ ಬೇರೆಯಾದರು. ಬೇರೆಯಾದ ಶಸ್ತ್ರವೈದ್ಯರು ತಮ್ಮ ಕಾಲೇಜು ಕಟ್ಟಿಕೊಂಡರು, ಪರೀಕ್ಷೆ ಏರ್ಪಡಿಸಿದರು, ಸಮಾಜದ ಮೇಲ್ಪಂಕ್ತಿಯಲ್ಲಿ ಕುಳಿತರು. ಕ್ಷೌರಿಕರು ಅಂಗಡಿಯಲ್ಲಿ ಉಳಿದರು. ಒಂದೇ ಬೆಂಚಿನಲ್ಲಿ ಕಲಿತ ಇಬ್ಬರಲ್ಲಿ ಒಬ್ಬನು ಏರಿ ಇನ್ನೊಬ್ಬನು ಉಳಿದದ್ದಕ್ಕೆ ಪಾಠಶಾಲೆಯೇ ಮುಖ್ಯ ಕಾರಣ.

ನಮ್ಮ ನಾಡಿನಲ್ಲಿ ಆಸ್ಪತ್ರೆಗಳು ಬಂದ ಮೇಲೆ ಕುರು ಕೊಯ್ಯುವ ಕೆಲಸ ಹೋಯಿತು. ಸೂಲಗಿತ್ತಿಯ ಕೆಲಸ ನರ್ಸಮ್ಮನಿಗೆ ಸೇರಿತು. ಇದು ಜನರ ಜೀವಕ್ಕೆ ಒಳ್ಳೆಯದೇ ಆಯಿತು; ಆದರೆ ಆ ಮನೆತನಗಳ ಅನುಭವಕ್ಕೆ ಹೊಸ ವ್ಯವಸ್ಥೆಯಲ್ಲಿ ಸ್ಥಾನ ದೊರೆಯಲಿಲ್ಲ. ಅಮೆರಿಕದ ಜಿಲೆಟ್ ಎಂಬಾತನು 1904ರಲ್ಲಿ ಹಕ್ಕುಪತ್ರ ಪಡೆದ ಸುರಕ್ಷಿತ ರೇಜರು ಕ್ರಮೇಣ ಮನೆಮನೆಗೆ ಬಂದಾಗ ದಿನನಿತ್ಯದ ದಾಡಿಯ ಕೆಲಸವೂ ಕಡಿಮೆಯಾಯಿತು. ಹಣದ ವ್ಯವಹಾರ ಬೆಳೆದು ಆಯ ನಿಂತಿತು. ಹೀಗೆ ವಿದ್ಯೆ ಕುಗ್ಗಿದಂತೆ ಗೌರವವೂ ಕುಗ್ಗಿತು. ಜಮಖಂಡಿ, ಬನಹಟ್ಟಿ, ತೇರದಾಳಗಳಂತಹ ಪೇಟೆಗಳಲ್ಲಿ ಕನ್ನಡಿ, ಕುರ್ಚಿಗಳ ಕಟಿಂಗ್ ಅಂಗಡಿಗಳು ಬಂದುದು ಈ ಬದಲಾವಣೆಯ ಫಲ. ಅಂಗಡಿಯಿಂದ ಒಂದು ದೊಡ್ಡ ಲಾಭವಾಯಿತು: ಕ್ಷೌರಿಕನು ಗಿರಾಕಿಯ ಜಗಲಿಯ ಕೆಳಗೆ ಕಾಯುವುದು ತಪ್ಪಿ, ಗಿರಾಕಿಯೇ ಅವನ ಅಂಗಡಿಯಲ್ಲಿ ಸರದಿ ಕಾಯುವಂತಾಯಿತು.

ಕತ್ತಿಯನ್ನು ಕೆಳಗಿಟ್ಟವರು, ಕೈಗೆತ್ತಿಕೊಂಡವಳು

ಕಾಯಕವೆಂದರೆ ಹೇಳಿದ್ದನ್ನೆಲ್ಲ ಮಾಡುವುದಲ್ಲ. ಮಾಡಬಾರದ್ದನ್ನು ಮಾಡದಿರುವುದೂ ಕಾಯಕವೇ. ಮೇಲ್ಜಾತಿಯ ವಿಧವೆಯರ ತಲೆ ಬೋಳಿಸುವ ಕ್ರೂರ ರೂಢಿಯ ವಿರುದ್ಧ 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ಆ ಕೆಲಸಕ್ಕೆ ಕತ್ತಿ ಎತ್ತುವುದಿಲ್ಲವೆಂದು ನಿರ್ಣಯಿಸಿದರು. ಜ್ಯೋತಿಬಾ ಫುಲೆಯವರ ಅನುಯಾಯಿಯಾದ ನಾರಾಯಣ ಮೇಘಾಜಿ ಲೋಖಂಡೆಯವರು ಇದನ್ನು ಸಂಘಟಿಸಿದರು. ತಮ್ಮ ಅನ್ನಕ್ಕೆ ಸಂಚಕಾರ ಬಂದೀತೆಂದು ತಿಳಿದೂ ಕೈಗೆಲಸದವರು ಹೀಗೆ ನಿಂತುದು ನಮ್ಮ ಸಮಾಜಸುಧಾರಣೆಯ ಚರಿತ್ರೆಯಲ್ಲಿ ಸ್ಮರಣೀಯ.

ಗಡಿಯ ಆಚೆಗೆ, ಕನ್ನಡಿಗರೂ ನೆಲೆಸಿರುವ ಕೊಲ್ಲಾಪುರ ಜಿಲ್ಲೆಯ ಹಾಸೂರಸಾಸಗಿರಿಯಲ್ಲಿ ಇನ್ನೊಂದು ನಿದರ್ಶನವಿದೆ. 1980ರ ದಶಕದಲ್ಲಿ ಶಾಂತಾಬಾಯಿ ಯಾದವ ಎಂಬ ತಾಯಿಯು ಪತಿಯನ್ನು ಕಳೆದುಕೊಂಡು, ಚಿಕ್ಕ ಹೆಣ್ಣುಮಕ್ಕಳನ್ನು ಸಾಕಲು ಪತಿಯ ಕತ್ತಿಯನ್ನೇ ಕೈಗೆತ್ತಿಕೊಂಡರು. ಜನ ಆಡಿಕೊಂಡರು, ನಕ್ಕರು. ಆಕೆ ಬಿಡಲಿಲ್ಲ. ಗಂಡಸರ ಕ್ಷೌರವಲ್ಲದೆ ಎಮ್ಮೆಗಳ ಮೈಗೂದಲು ಬೋಳಿಸುವ ಕೆಲಸವನ್ನೂ ಮಾಡಿ ಮಕ್ಕಳನ್ನು ಬೆಳೆಸಿದರು. ತಂದೆಯಿಂದ ಮಗನಿಗೆ ಮಾತ್ರ ಹೋಗುವ ವಿದ್ಯೆ ಎಂಬ ಕಟ್ಟು ಅಂದು ಆ ಹಳ್ಳಿಯಲ್ಲಿ ಮುರಿಯಿತು. ಲಿಂಗಮ್ಮನವರನ್ನು ಸ್ಮರಿಸುವವರಿಗೆ ಈ ತಾಯಿ ಅಪರಿಚಿತಳೆನಿಸಲಾರಳು.

ಶಾಲೆಗೆ ಬಂದ ಕತ್ತರಿ

ಕ್ಷೌರಕ್ಕೆ ಶಾಲೆ ಬೇಕೆಂಬ ವಿಚಾರ ಹೊಸದಲ್ಲ. ಅಮೆರಿಕದ ಷಿಕಾಗೋ ನಗರದಲ್ಲಿ ಎ. ಬಿ. ಮೋಲರ್ ಎಂಬವರು 1893ರಲ್ಲಿಯೇ ಕ್ಷೌರಿಕರ ಕಾಲೇಜನ್ನು ತೆರೆದರು. 1897ರಲ್ಲಿ ಮಿನೆಸೋಟ ಸಂಸ್ಥಾನವು ಈ ವೃತ್ತಿಗೆ ಪರವಾನಗಿಯ ಕಾನೂನು ಮಾಡಿತು. ನಮ್ಮಲ್ಲಿ ಈ ವಿಚಾರ ತಡವಾಗಿ ಬಂದಿತು. ಈಗ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕೂದಲು ಮತ್ತು ಚರ್ಮದ ಆರೈಕೆಯನ್ನು ಕಲಿಸುವ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ಶಿಕ್ಷಣವಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದಾದ್ಯಂತ ಬ್ಯಾಂಕುಗಳ ಸ್ವಉದ್ಯೋಗ ತರಬೇತಿ ಕೇಂದ್ರಗಳು ಹಬ್ಬಿವೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮನೆಯಲ್ಲಿಯೇ ಕಲಿತವರ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡನ್ನೂ ಸೇರಿಸಲಾಯಿತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ. ಎಂ. ವಿಶ್ವಕರ್ಮ ಯೋಜನೆಯು ಆಯ್ದುಕೊಂಡ 18 ಕಸುಬುಗಳಲ್ಲಿ ಕ್ಷೌರವೂ ಒಂದು. ಐದರಿಂದ ಏಳು ದಿನಗಳ ಪ್ರಾಥಮಿಕ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಅನಂತರ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಮುಂದೆ 2 ಲಕ್ಷದವರೆಗೆ ಸಾಲ ಎಂದು ಅದರ ನಿಯಮಗಳು ಗೊತ್ತುಪಡಿಸಿದವು.

ತಲೆಮಾರುಗಳಿಂದ ಬಂದ ವಿದ್ಯೆಗೆ ತರಬೇತಿ ಏಕೆ ಎಂದು ಕೇಳುವವರುಂಟು. ಉತ್ತರ ಸ್ಪಷ್ಟ. ತಂದೆ ಕಲಿಸಿದ್ದು ಕೈಯ ಹದ; ಆ ಹದವನ್ನು ಐದು ದಿನಗಳಲ್ಲಿ ಯಾವ ಶಾಲೆಯೂ ಕೊಡಲಾರದು. ಆದರೆ ಒಬ್ಬನ ಗಾಯದಿಂದ ಇನ್ನೊಬ್ಬನಿಗೆ ಹೆಪಟೈಟಿಸ್ ಬಿ ಮುಂತಾದ ರೋಗಗಳು ಒಂದೇ ಬ್ಲೇಡಿನ ಮೂಲಕ ಹರಡಬಹುದೆಂಬುದು ತಂದೆಯ ಕಾಲಕ್ಕೆ ತಿಳಿದಿರಲಿಲ್ಲ. ತಲೆಗೆ ಬಣ್ಣ ಹಚ್ಚುವ 48 ಗಂಟೆಗಳ ಮೊದಲು ಸ್ವಲ್ಪವನ್ನು ಕಿವಿಯ ಹಿಂದೆ ಹಚ್ಚಿ, ಉರಿ ಬಾವುಗಳು ಬರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕೆಂಬುದು ತಂದೆಯ ಹಡಪದಲ್ಲಿ ಇರಲಿಲ್ಲ. ಮಾಲೀಸಿನ ಕೊನೆಗೆ ಕತ್ತನ್ನು ಥಟ್ಟನೆ ತಿರುಚಿ ನೆಟಿಗೆ ತೆಗೆಯುವುದು ಹಲವೆಡೆ ರೂಢಿ. ಅದರಿಂದ ಕತ್ತಿನ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಬರುವ ಅಪಾಯವಿದೆಯೆಂದು ವೈದ್ಯರು ಎಚ್ಚರಿಸುತ್ತಾರೆ. ಹಳೆಯ ಹದಕ್ಕೆ ಈ ಹೊಸ ತಿಳಿವಳಿಕೆ ಕೂಡಬೇಕು.

ಪ್ರಮಾಣಪತ್ರದ ಬೆಲೆ ಕಷ್ಟಕಾಲದಲ್ಲಿ ತಿಳಿಯುತ್ತದೆ. 2020ರ ಮೇ ತಿಂಗಳಲ್ಲಿ ಕೊರೋನಾ ಲಾಕ್‌ಡೌನಿನಿಂದ ಅಂಗಡಿಗಳು ಮುಚ್ಚಿದಾಗ, ರಾಜ್ಯದ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ನೆರವನ್ನು ಕರ್ನಾಟಕ ಸರ್ಕಾರ ಘೋಷಿಸಿತು. ಆ ನೆರವನ್ನು ಪಡೆಯಲು ತಾನು ಈ ವೃತ್ತಿಯವನೆಂಬ ದಾಖಲೆ ಬೇಕಾಯಿತು. ಊರಿಗೆಲ್ಲ ತಿಳಿದ ಮಾತನ್ನು ಕಾಗದಕ್ಕೆ ತಿಳಿಸಿರದಿದ್ದರೆ ಆಗುವ ತೊಂದರೆ ಅಂದು ಗೊತ್ತಾಯಿತು.

ಹುಟ್ಟೋ, ಆಯ್ಕೆಯೋ?

ಇಲ್ಲಿ ಒಂದು ತೊಡಕಿನ ಪ್ರಶ್ನೆ ಏಳುತ್ತದೆ. ತರಬೇತಿ ಕೊಡುವ ನೆಪದಲ್ಲಿ ಕ್ಷೌರಿಕನ ಮಗನನ್ನು ಕ್ಷೌರಕ್ಕೇ ಕಟ್ಟಿಹಾಕಿದಂತಾಗದೆ? 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಗೋಪಾಲಾಚಾರಿಯವರು ಮಕ್ಕಳು ಅರ್ಧ ದಿನ ಶಾಲೆಯಲ್ಲಿ, ಉಳಿದ ಹೊತ್ತು ಮನೆಯ ಕಸುಬಿನಲ್ಲಿ ಕಲಿಯಲೆಂಬ ಯೋಜನೆ ತಂದರು. ಇದು ಕುಲಕಸುಬನ್ನು ಶಾಶ್ವತಗೊಳಿಸುವ ಶಿಕ್ಷಣವೆಂದು ಪ್ರಬಲ ವಿರೋಧ ಬಂದಿತು. 1954ರಲ್ಲಿ ಕಾಮರಾಜರು ಅದನ್ನು ಕೈಬಿಟ್ಟರು. ಮನೆತನದ ಕಸುಬೇ ಆಗಿರಬೇಕೆಂಬ ವಿಶ್ವಕರ್ಮ ಯೋಜನೆಯ ನಿಬಂಧನೆಗೆ ತಮಿಳುನಾಡು ಸರ್ಕಾರವು 2024ರಲ್ಲಿ ಇದೇ ಬಗೆಯ ಆಕ್ಷೇಪ ಎತ್ತಿತು. ಈ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಲಾಗದು.

ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಈ ಮನೆತನದ ಹುಡುಗನು ನಾಚಿಕೆಯಿಂದ ಕತ್ತರಿಯನ್ನು ಬಿಟ್ಟು ನಗರದಲ್ಲಿ ಸಿಕ್ಕ ಕೂಲಿಗೆ ಸೇರುತ್ತಿರುವಾಗ, ಅದೇ ಕೆಲಸವನ್ನು ಹೊಸ ಹೆಸರಿನಲ್ಲಿ, ಹೊಸ ಕುರ್ಚಿಯಲ್ಲಿ ಬೇರೆಯವರು ಹಣ ಹೂಡಿ ನಡೆಸುತ್ತಿದ್ದಾರೆ. ನಿಂದೆಯನ್ನು ಅನುಭವಿಸಿದವರು ಒಬ್ಬರು. ಲಾಭ ಬರುವ ಹೊತ್ತಿಗೆ ಕುರ್ಚಿಯಲ್ಲಿ ಇರುವವರು ಇನ್ನೊಬ್ಬರು. ಹುಟ್ಟಿನ ಕಾರಣಕ್ಕೆ ಕಸುಬಿಗೆ ಕಟ್ಟಿಹಾಕುವುದು ಎಷ್ಟು ಅನ್ಯಾಯವೋ, ಅವಮಾನದ ಕಾರಣಕ್ಕೆ ಕಸುಬಿನಿಂದ ಓಡಿಸುವುದೂ ಅಷ್ಟೇ ಅನ್ಯಾಯ.

ಶರಣರ ದೃಷ್ಟಿಯಲ್ಲಿ ಕುಲ ಬೇರೆ, ಕಾಯಕ ಬೇರೆ. ಕುಲವು ಹುಟ್ಟಿನಿಂದ ಬರುವುದು. ಕಾಯಕವು ಮನಸಾರೆ ಒಪ್ಪಿ ಮಾಡುವುದು. ಆದಕಾರಣ ಕ್ಷೌರಿಕನ ಮಗ ವೈದ್ಯನಾಗಲು ಬಯಸಿದರೆ ಅವನಿಗೆ ಶಾಲೆಯ ಬಾಗಿಲು ಪೂರ್ತಿಯಾಗಿ ತೆರೆದಿರಬೇಕು. ಕ್ಷೌರವನ್ನೇ ಒಲಿದರೆ ಸಹಾಯಕ, ನುರಿತ ಕೆಲಸಗಾರ, ತರಬೇತುದಾರ, ಅಂಗಡಿಯ ಒಡೆಯ ಎಂಬ ಮೆಟ್ಟಿಲುಗಳು ಅವನ ಮುಂದೆ ಇರಬೇಕು. ಅದೇ ಮೆಟ್ಟಿಲುಗಳು ಬೇರೆ ಮನೆತನದ ಹುಡುಗನಿಗೂ ಹುಡುಗಿಗೂ ತೆರೆದಿರಬೇಕು. ಆಗ ಅದು ಕುಲಕಸುಬಲ್ಲ, ಕಾಯಕ.

ಇದೇ ನ್ಯಾಯ ಅಂಗಡಿಯ ಒಳಗೂ ನಡೆಯಬೇಕು. ದಲಿತ ಬಂಧುಗಳಿಗೆ ಕ್ಷೌರ ನಿರಾಕರಿಸುವುದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯ ಪ್ರಕಾರ ಶಿಕ್ಷಾರ್ಹ; 1976ರಲ್ಲಿ ಇದಕ್ಕೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂಬ ಹೆಸರಾಯಿತು. ಆದರೂ ಕೆಲವು ಹಳ್ಳಿಗಳಿಂದ ಇಂತಹ ವಾರ್ತೆಗಳು ಬರುತ್ತಲೇ ಇವೆ. ಎಷ್ಟೋ ಸಲ ಕ್ಷೌರಿಕನ ಕೈ ತಡೆಯುವುದು ಅವನ ಮನಸ್ಸಲ್ಲ, ಊರ ಪ್ರಬಲರ ಬೆದರಿಕೆ. ಬೆದರಿಕೆ ಹಾಕುವವರಲ್ಲಿ ಹಣೆಗೆ ವಿಭೂತಿ ಧರಿಸಿದವರೂ ಇದ್ದರೆ ಅವರು ಅಪ್ಪಣ್ಣನವರ ಜಯಂತಿಯಂದು ಹೂವೇರಿಸಲು ಅರ್ಹರಲ್ಲ. ತಾವೇ ಅವಮಾನ ಉಂಡವರು ಇನ್ನೊಬ್ಬರಿಗೆ ಅದನ್ನು ಉಣಿಸದಿರಲಿ. ಅವರ ಬೆನ್ನಿಗೆ ಊರಿನ ಹಿರಿಯರು ನಿಲ್ಲಲಿ.

ನಮ್ಮ ಕರ್ತವ್ಯ

ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ವಕೀಲರು, ಶಿಕ್ಷಕರು, ಅಧಿಕಾರಿಗಳಾದವರು ನಾಡಿನಲ್ಲಿ ಅಸಂಖ್ಯರು. ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ದೊರೆತ ಆ ಅನ್ನ, ಆ ಆಶ್ರಯ ಕಾಸ್ಮೆಟಾಲಜಿ ಕಲಿಯಲು ಬಂದ ಹಳ್ಳಿಯ ಹುಡುಗನಿಗೂ ಹುಡುಗಿಗೂ ದೊರೆಯಬೇಡವೆ? ಹಿರಿಯ ವಿದ್ಯಾರ್ಥಿಗಳು ತಮ್ಮ ಊರಿನ ಕಟಿಂಗ್ ಅಂಗಡಿಯವರಿಗೆ ಅರ್ಜಿ ತುಂಬಿಕೊಡುವುದು, ಪ್ರಮಾಣಪತ್ರ ಮಾಡಿಸಿಕೊಡುವುದು, ಬ್ಯಾಂಕಿನ ಮೆಟ್ಟಿಲವರೆಗೆ ಜೊತೆಗೆ ಹೋಗುವುದು ದೊಡ್ಡ ದಾಸೋಹವೇ ಸರಿ. ಐವತ್ತು ವರ್ಷ ಕತ್ತಿ ಹಿಡಿದ ಹಿರಿಯರನ್ನು ತರಬೇತಿ ಕೇಂದ್ರಗಳಿಗೆ ಗುರುಗಳಾಗಿ ಕರೆಸುವುದು ಇನ್ನೂ ದೊಡ್ಡ ಕೆಲಸ. ಅವರ ಕೈಯ ಹದ ಅವರೊಂದಿಗೆ ಹೋದರೆ ಯಾವ ಪುಸ್ತಕದಿಂದಲೂ ಮರಳಿ ಬಾರದು. ಎಲ್ಲಕ್ಕಿಂತ ಮೊದಲು ಆ ವೃತ್ತಿಯ ಹೆಸರನ್ನು ಬೈಗುಳವಾಗಿ ಆಡುವುದನ್ನು ನಮ್ಮ ನಮ್ಮ ಮನೆಗಳಲ್ಲಿ ನಿಲ್ಲಿಸೋಣ. ಇದಕ್ಕೆ ಸರ್ಕಾರದ ಹಣವಾಗಲಿ ಯೋಜನೆಯಾಗಲಿ ಬೇಕಿಲ್ಲ.

ಕಲ್ಯಾಣದ ಆ ಮನೆಯಲ್ಲಿ ಹಡಪವೂ ಅರಿವೂ ಕೂಡಿದ್ದವು. ಬಾದಾಮಿಯ ಕೊಂಡೋಜನ ನೈಪುಣ್ಯವು ತನ್ನವರೆಲ್ಲರ ಹೊರೆಯನ್ನು ಇಳಿಸಿತು. ಇವೆರಡನ್ನೂ ಇಂದಿನ ಹುಡುಗರ ಕೈಗೆ ಮರಳಿ ಕೊಡುವುದು ಸಾಧ್ಯ. ಹಾಗೆ ಕೊಟ್ಟಾಗ ಕೈಯಲ್ಲಿ ಕತ್ತರಿ ಹಿಡಿದವನೂ ಲೇಖನಿ ಹಿಡಿದವನೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ಮಾತು ವೇದಿಕೆಯ ಮಾತಾಗಿ ಉಳಿಯದೆ ನಡೆಯ ಮಾತಾಗುವುದು.